ನೆಗೆಟಿವ್‌ಗಳನ್ನು ಎಸೆಯುವ ಮುನ್ನ

ಹಬ್ಬ ಹತ್ತಿರ ಬಂದಾಗ ಬೀರು ಖಾಲಿ ಮಾಡಿ, ಟ್ರಂಕು ಕೆಳಗಿಳಿಸಿ, ಮನೆಯನ್ನು ಒಪ್ಪ ಓರಣ ಮಾಡುವುದು ನಮ್ಮ ಮನೆಗಳಲ್ಲಿ ರೂಢಿ. ಆಗ ಹಳೆಯ ಸೀರೆಗಳ ಅಡಿಯಿಂದ ಯಾವುದೋ ಸ್ಟುಡಿಯೊದ ಹೆಸರು ಅಚ್ಚಾದ ಲಕೋಟೆಯೊಂದು ಹೊರಬರುತ್ತದೆ. ಒಳಗೆ ಕಂದು ಬಣ್ಣದ ಪ್ಲಾಸ್ಟಿಕ್ ಪಟ್ಟಿಗಳು. ಬೆಳಕಿಗೆ ಹಿಡಿದರೆ ಕಪ್ಪು ಮುಖ, ಬಿಳಿ ಕೂದಲು. ಮಕ್ಕಳು ನೋಡಿ ನಗುತ್ತಾರೆ. ಫೋಟೊ ಹೇಗೂ ಆಲ್ಬಂನಲ್ಲಿದೆಯಲ್ಲ, ಇದೇಕೆ ಎಂದು ಲಕೋಟೆಯನ್ನು ಕಸದ ಬುಟ್ಟಿಗೆ ಹಾಕುವವರೇ ಹೆಚ್ಚು.

ಆದರೆ ಒಂದು ಕ್ಷಣ ನಿಲ್ಲಿ. ಆಲ್ಬಂನಲ್ಲಿರುವ ಫೋಟೊ ನಕಲು ಮಾತ್ರ. ಅಸಲು ಇರುವುದು ಆ ಪಟ್ಟಿಯಲ್ಲಿ. ಮನೆಯ ಹೆಂಗಸರಿಗೆ ಇದನ್ನು ಹೀಗೆ ಹೇಳಿದರೆ ಬೇಗ ಅರ್ಥವಾದೀತು: ಫೋಟೊ ಮೊಸರಾದರೆ ನೆಗೆಟಿವ್ ಹೆಪ್ಪು. ಹೆಪ್ಪು ಉಳಿದಿದ್ದರೆ ಮೊಸರು ಮತ್ತೆ ಮಾಡಿಕೊಳ್ಳಬಹುದು. ಹೆಪ್ಪನ್ನೇ ಚೆಲ್ಲಿದ ಮೇಲೆ ಹುಳಿಯಾಗಿ ಕೆಟ್ಟ ಮೊಸರನ್ನು ಇಟ್ಟುಕೊಂಡು ಏನು ಪ್ರಯೋಜನ?

ರೀಲಿನ ಕಾಲ

ಇಂದಿನ ಮಕ್ಕಳಿಗೆ ರೀಲು ಎಂದರೆ ಮೊಬೈಲಿನಲ್ಲಿ ಓಡುವ ಚಿಕ್ಕ ವಿಡಿಯೊ. ಅವರ ಅಮ್ಮಂದಿರಿಗೆ ರೀಲು ಎಂದರೆ ಕ್ಯಾಮರಾದೊಳಗೆ ಹಾಕುವ ಫಿಲ್ಮ್ ಸುರುಳಿ. ಆಗ್ಫಾ ಕ್ಲಿಕ್ 3 ಕ್ಯಾಮರಾದ ಒಂದು ರೀಲಿನಲ್ಲಿ 12 ಫೋಟೊ. ಆಮೇಲೆ ಬಂದ ಯಾಶಿಕಾ, ಹಾಟ್ ಶಾಟ್, ಕೋಡಕ್ ಕೆಬಿ-10ರಂತಹ ಕ್ಯಾಮರಾಗಳ ದೊಡ್ಡ ರೀಲಿನಲ್ಲಿ 36. ಈದ್ ದಿನ ಹತ್ತು ತೆಗೆದರೆ, ಉಳಿದದ್ದು ಚಿಕ್ಕಮ್ಮನ ನಿಕಾಹ್‌ಗೆ. ಸೋಮನಾಥಪುರಕ್ಕೋ ತಲಕಾಡಿಗೋ ಹೋದಾಗ ಎರಡೋ ಮೂರೋ. ಹೀಗೆ ಒಂದೇ ರೀಲಿನಲ್ಲಿ ಒಂದು ಮನೆಯ ವರ್ಷವಿಡೀ ಅಡಗಿರುತ್ತಿತ್ತು.

ಫಿಲ್ಮ್ ಎಂಬುದು ತೆಳ್ಳಗಿನ ಪ್ಲಾಸ್ಟಿಕ್. ಅದರ ಒಂದು ಮುಖಕ್ಕೆ ಜಿಲೆಟಿನ್ ಎಂಬ ಅಂಟಿನಲ್ಲಿ ಬೆರೆಸಿದ ಬೆಳ್ಳಿಯ ಲವಣಗಳ ಲೇಪ. ಬೆಳಕು ಬಿದ್ದ ಕಡೆ ಈ ಲವಣ ಬದಲಾಗುತ್ತದೆ. ಕತ್ತಲ ಕೋಣೆಯಲ್ಲಿ ಡೆವಲಪರ್ ದ್ರವದಲ್ಲಿ ತೊಳೆದಾಗ ಬೆಳಕು ಬಿದ್ದ ಭಾಗ ಕಪ್ಪಾಗುತ್ತದೆ. ಹೈಪೊ ದ್ರಾವಣದಲ್ಲಿ ಅದ್ದಿದಾಗ ಬೆಳಕು ಕಾಣದ ಲವಣ ಕರಗಿ ಹೋಗುತ್ತದೆ. ಅದಕ್ಕೇ ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿ, ಕಪ್ಪಾದದ್ದು ತಿಳಿಯಾಗಿ ಕಾಣುವುದು. ಅದರ ಮೂಲಕ ಬೆಳಕು ಹಾಯಿಸಿ ಕಾಗದದ ಮೇಲೆ ಬೀಳಿಸಿದರೆ ಮುಖ ಮತ್ತೆ ಸರಿಯಾಗಿ ಮೂಡುತ್ತದೆ.

ಈ ಫಿಲ್ಮ್ ನಮ್ಮ ಪಕ್ಕದಲ್ಲೇ ತಯಾರಾಗುತ್ತಿತ್ತು ಎಂಬುದು ಹಲವರಿಗೆ ತಿಳಿದಿಲ್ಲ. ನಂಜನಗೂಡಿನ ಮೇಲೆ ಹಾದು, ಗುಂಡ್ಲುಪೇಟೆ, ಬಂಡೀಪುರ ದಾಟಿ ಹೋಗುವ ರಸ್ತೆ ಊಟಿ ಸೇರುತ್ತದೆ. ಅಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1960ರಲ್ಲಿ ಸ್ಥಾಪನೆಯಾಯಿತು. 1967ರಲ್ಲಿ ಉತ್ಪಾದನೆ ಆರಂಭಿಸಿತು. ಅದರ ಫಿಲ್ಮಿನ ಹೆಸರು ‘ಇಂದು’. ಇಂದು ಎಂದರೆ ಚಂದ್ರ. ಕಪ್ಪು-ಬಿಳುಪು ಫಿಲ್ಮ್, ಫೋಟೊ ಕಾಗದ, ಆಸ್ಪತ್ರೆಗಳ ಎಕ್ಸ್‌ರೇ ಫಿಲ್ಮ್ ಎಲ್ಲವೂ ಅಲ್ಲಿಂದ ಬರುತ್ತಿದ್ದವು. ಬಣ್ಣದ ಫಿಲ್ಮ್ ಮತ್ತು ವಿದೇಶಿ ಕಂಪೆನಿಗಳ ಪೈಪೋಟಿಯ ಎದುರು 1990ರ ದಶಕದಲ್ಲಿ ಕಾರ್ಖಾನೆ ನಷ್ಟಕ್ಕೆ ಬಿತ್ತು. ಆಮೇಲೆ ಡಿಜಿಟಲ್ ಬಂತು. 2014ರಲ್ಲಿ ನೌಕರರಿಗೆ ಸ್ವಯಂ ನಿವೃತ್ತಿ ಕೊಡಲು ಸರ್ಕಾರ ಒಪ್ಪಿಗೆ ನೀಡುವುದರೊಂದಿಗೆ ಅದರ ಕಥೆ ಮುಗಿಯಿತು. ಕಾರ್ಖಾನೆ ಹೋಯಿತು, ಊರೂರಿನ ಸ್ಟುಡಿಯೊಗಳ ಕತ್ತಲ ಕೋಣೆಗಳೂ ಮುಚ್ಚಿದವು. ಉಳಿದಿರುವುದು ನಮ್ಮ ಬೀರುಗಳಲ್ಲಿರುವ ಲಕೋಟೆಗಳು ಮಾತ್ರ.

ನಾನಿಯ ಒಂದೇ ಒಂದು ಫೋಟೊ

ನಮ್ಮ ಸಮುದಾಯದ ಹಿರಿಯ ಹೆಂಗಸರ ವಿಷಯದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಪರ್ದಾ ಪಾಲಿಸುತ್ತಿದ್ದ ಎಷ್ಟೋ ಮನೆಗಳಲ್ಲಿ ಗಂಡಸರ ಫೋಟೊಗಳು ಹತ್ತಾರು ಸಿಗುತ್ತವೆ, ಹೆಂಗಸರದ್ದು ಸಿಗುವುದಿಲ್ಲ. ರೇಷನ್ ಕಾರ್ಡಿಗೆಂದೋ, ಹಜ್ ಯಾತ್ರೆಯ ಕಾಗದಪತ್ರಕ್ಕೆಂದೋ ಜೀವನದಲ್ಲಿ ಒಮ್ಮೆ ಸ್ಟುಡಿಯೊದ ಸ್ಟೂಲಿನ ಮೇಲೆ ಕುಳಿತ ನಾನಿ, ದಾದಿಯರಿದ್ದಾರೆ. ಆ ಪಾಸ್‌ಪೋರ್ಟ್ ಅಳತೆಯ ಚಿತ್ರವೊಂದೇ ಮೊಮ್ಮಕ್ಕಳಿಗೆ ಅವರ ಗುರುತು. ಅದು ಅರ್ಜಿಗೆ ಅಂಟಿಕೊಂಡು ಕಚೇರಿಗೆ ಹೋಯಿತು. ಉಳಿದ ಪ್ರತಿಗಳು ಕೈ ಬದಲಾಗಿ ಕಳೆದವು. ನೆಗೆಟಿವ್ ಇದ್ದರೆ ಆ ಮುಖ ಇನ್ನೂ ಇದೆ. ಇಲ್ಲದಿದ್ದರೆ ಇಲ್ಲ.

ಆ ಕಾಲದ ಹಿರಿಯರು ಮದುವೆ ಫೋಟೊ ತೆಗೆಸಿದಾಗ “ನೆಗೆಟಿವ್ ಸಮೇತ ಕೊಡಪ್ಪಾ” ಎಂದು ಕೇಳಿ ಪಡೆಯುತ್ತಿದ್ದರು. ಮನೆಯ ಹೆಣ್ಣುಮಕ್ಕಳ ಚಿತ್ರ ಬೇರೆಯವರ ಕೈಯಲ್ಲಿ ಉಳಿಯಬಾರದು ಎಂಬ ಎಚ್ಚರ ಅದರಲ್ಲಿತ್ತು. ನೆಗೆಟಿವ್ ಕೈಗೆ ಬಂತೆಂದರೆ ನಿಮಗೆ ತಿಳಿಯದಂತೆ ಇನ್ನೊಂದು ಪ್ರತಿ ಅದರಿಂದ ಹುಟ್ಟುವಂತಿರಲಿಲ್ಲ. ಇಂದು ಒಂದು ಮದುವೆಯ ಚಿತ್ರ ಊಟ ಮುಗಿಯುವುದರೊಳಗೆ ನೂರು ಮೊಬೈಲುಗಳನ್ನು ಸೇರಿರುತ್ತದೆ. ಹಳಬರ ಆ ಎಚ್ಚರದಿಂದ ನಾವು ಕಲಿಯುವುದಿಲ್ಲವೇ?

ನಿಮ್ಮಲ್ಲಿ ನೆಗೆಟಿವ್ ಇಲ್ಲದಿದ್ದರೆ ಹಳೆಯ ಫೋಟೊದ ಹಿಂಬದಿ ನೋಡಿ. ಸ್ಟುಡಿಯೊದ ಮೊಹರು, ಪೆನ್ಸಿಲಿನಲ್ಲಿ ಬರೆದ ಸಂಖ್ಯೆ ಇರಬಹುದು. ಸ್ಟುಡಿಯೊಗಳು ಆ ಸಂಖ್ಯೆಯ ಪ್ರಕಾರವೇ ನೆಗೆಟಿವ್‌ಗಳನ್ನು ಜೋಡಿಸಿಡುತ್ತಿದ್ದವು. ಅಂಗಡಿ ಇನ್ನೂ ಇದ್ದರೆ, ಅಥವಾ ಮಾಲೀಕರ ಮಕ್ಕಳು ಊರಿನಲ್ಲಿದ್ದರೆ, ಹೋಗಿ ಕೇಳಿ. ಜಾಗ ಖಾಲಿ ಮಾಡುವಾಗ ಆ ಪೆಟ್ಟಿಗೆಗಳು ಗುಜರಿಗೆ ಹೋಗುತ್ತವೆ. ಅದಕ್ಕೆ ಮೊದಲೇ ಕೇಳುವುದು ಒಳ್ಳೆಯದು.

ಕಾಪಾಡಿದ್ದೇ ಇತಿಹಾಸವಾಯಿತು

ನಮ್ಮ ಜಿಲ್ಲೆಯವರೇ ಆದ ಟಿ. ಎಸ್. ಸತ್ಯನ್ 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಶಾಲೆಯ ಮಕ್ಕಳು, ಬೀದಿಯ ವ್ಯಾಪಾರಿಗಳು, ನೀರು ಹೊರುವ ಹೆಂಗಸರು, ಹೀಗೆ ಜನಸಾಮಾನ್ಯರನ್ನೇ ಅವರು ಫಿಲ್ಮಿನಲ್ಲಿ ಹಿಡಿದಿಟ್ಟರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. 2009ರಲ್ಲಿ ಅವರು ತೀರಿಕೊಂಡರು. ಅವರ ಚಿತ್ರಗಳಲ್ಲಿರುವ ಮೈಸೂರು ಇಂದು ಬೀದಿಗಳಲ್ಲಿ ಇಲ್ಲ, ಆ ಚಿತ್ರಗಳಲ್ಲಿ ಮಾತ್ರ ಇದೆ.

ಇನ್ನೊಬ್ಬರು ಹೋಮೈ ವ್ಯಾರಾವಾಲಾ. 1913ರಲ್ಲಿ ಗುಜರಾತಿನಲ್ಲಿ ಹುಟ್ಟಿದ ಅವರು ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ. ಸೀರೆ ಉಟ್ಟು, ಭಾರವಾದ ಕ್ಯಾಮರಾ ಹೊತ್ತು, ಗಂಡಸರ ಗುಂಪಿನ ನಡುವೆ ನಿಂತು ಅವರು ಸ್ವಾತಂತ್ರ್ಯದ ದಿನಗಳನ್ನು ಚಿತ್ರಿಸಿದರು. ವೃತ್ತಿ ಬಿಟ್ಟು ದಶಕಗಳ ಬಳಿಕ ತಮ್ಮ ಸಂಗ್ರಹವನ್ನು ಅವರು ದೆಹಲಿಯ ಆಲ್ಕಾಜಿ ಪ್ರತಿಷ್ಠಾನಕ್ಕೆ ಒಪ್ಪಿಸಿದರು. 2011ರಲ್ಲಿ ಪದ್ಮವಿಭೂಷಣ ದೊರೆಯಿತು. 2012ರಲ್ಲಿ ಅವರು ನಿಧನರಾದರು. ಅಷ್ಟು ವರ್ಷ ಜೋಪಾನ ಮಾಡದೇ ಇದ್ದಿದ್ದರೆ ಇಂದು ತೋರಿಸಲು ಏನಿರುತ್ತಿತ್ತು?

ದೇಶದ ಇತಿಹಾಸಕ್ಕೆ ಅವರ ನೆಗೆಟಿವ್‌ಗಳು ಹೇಗೋ, ಒಂದು ಮನೆಯ ಇತಿಹಾಸಕ್ಕೆ ಆ ಮನೆಯ ಲಕೋಟೆ ಹಾಗೆ.

ಶತ್ರುಗಳು ಯಾರು?

ಫಿಲ್ಮಿಗೆ ಮೊದಲ ಶತ್ರು ತೇವ. ಜಿಲೆಟಿನ್ ಬೂಷ್ಟಿಗೆ ಒಳ್ಳೆಯ ಆಹಾರ. ನದಿದಂಡೆಯ ಊರುಗಳಲ್ಲಿ ಮಳೆಗಾಲದ ತಂಡಿಗೆ ನೆಗೆಟಿವ್ ಮೇಲೆ ಜೇಡರ ಬಲೆಯಂತಹ ಗೆರೆಗಳು ಮೂಡಿದರೆ ಅದು ಬೂಷ್ಟು. ಎರಡನೆಯದು ಬಿಸಿ. ತಗಡಿನ ಮಾಡಿನ ಕೆಳಗಿನ ಅಟ್ಟ ನೆಗೆಟಿವ್ ಇಡುವ ಜಾಗವಲ್ಲ. ಲಕೋಟೆ ತೆರೆದಾಗ ವಿನೆಗರ್ ವಾಸನೆ ಬಂದರೆ ಪ್ಲಾಸ್ಟಿಕ್ಕೇ ಕೆಡಲಾರಂಭಿಸಿದೆ ಎಂದು ತಿಳಿಯಿರಿ. ಅಂತಹದನ್ನು ಕೂಡಲೇ ಬೇರೆ ಇಟ್ಟು, ಬೇಗ ನಕಲು ಮಾಡಿಸಿಕೊಳ್ಳಬೇಕು.

ಮೂರನೆಯದು ನಮ್ಮದೇ ಬೆರಳು. ಎಣ್ಣೆ ಸೋಕಿದ ಕೈಯಿಂದ ಮುಟ್ಟಿದರೆ ಗುರುತು ಉಳಿಯುತ್ತದೆ. ಅಂಚುಗಳನ್ನಷ್ಟೇ ಹಿಡಿಯಿರಿ. ಹೊಳೆಯುವ ಮುಖ ಪ್ಲಾಸ್ಟಿಕ್, ಮಂಕಾದ ಮುಖ ಚಿತ್ರವಿರುವುದು. ಮಂಕಾದ ಮುಖವನ್ನು ಉಜ್ಜಲೇಬಾರದು.

ಪಟ್ಟಿಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಬೇಡಿ. ಒಂದೊಂದು ಪಟ್ಟಿಯನ್ನೂ ಬೇರೆ ಬೇರೆ ಬಿಳಿ ಕಾಗದದ ಕವರಿನಲ್ಲಿಟ್ಟು, ಮುಚ್ಚಳವಿರುವ ಡಬ್ಬದಲ್ಲಿ ಇಡಿ. ಹೊಸ ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ತೇವ ಹೀರುತ್ತದೆ. ನುಸಿಗುಳಿಗೆ ಹಾಕಬೇಡಿ. ಡಬ್ಬ ಬೀರುವಿನ ಮಧ್ಯದ ಅರೆಯಲ್ಲಿರಲಿ. ಅಂಟು ಹಾಳೆಗೆ ಫೋಟೊ ಒತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಂಗಳಿದ್ದರೆ, ಆ ಅಂಟೇ ಫೋಟೊವನ್ನು ಹಳದಿ ಮಾಡುತ್ತದೆ ಎಂಬುದು ನೆನಪಿರಲಿ.

ಕಪಿಲೆ ಉಕ್ಕಿದಾಗ

ವಯನಾಡಿನಲ್ಲಿ ಮಳೆ ಸುರಿದರೆ ಕಬಿನಿ ಜಲಾಶಯ ತುಂಬುತ್ತದೆ. ಅಲ್ಲಿಂದ ಬಿಟ್ಟ ನೀರು ಕಪಿಲೆಯಲ್ಲಿ ಹರಿದು ನಂಜನಗೂಡು ಮುಟ್ಟಿ, ಮುಂದೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. 2018 ಮತ್ತು 2019ರ ಮಳೆಗಾಲಗಳಲ್ಲಿ ನಂಜನಗೂಡಿನ ನದಿದಂಡೆಯ ಬಡಾವಣೆಗಳಿಗೆ ನೀರು ನುಗ್ಗಿದ್ದು ಊರಿನವರಿಗೆ ಮರೆತಿಲ್ಲ. ಅಂತಹ ಹೊತ್ತಿನಲ್ಲಿ ಮೊದಲು ಜೀವ, ಆಮೇಲೆ ದಾಖಲೆ ಪತ್ರ. ಆದರೆ ನೀರಿಳಿದ ಮೇಲೆ ನೆನೆದ ಆಲ್ಬಂ ಕಂಡು ಕೈಚೆಲ್ಲಬೇಕಾಗಿಲ್ಲ.

ಹಳೆಯ ಫೋಟೊ ಮತ್ತು ನೆಗೆಟಿವ್‌ಗಳು ಹುಟ್ಟುವಾಗಲೇ ನೀರಿನಲ್ಲಿ ಮಿಂದು ಬಂದವು. ಆದ್ದರಿಂದ ಸ್ವಲ್ಪ ಹೊತ್ತಿನ ನೀರು ಅವುಗಳನ್ನು ಕೊಲ್ಲುವುದಿಲ್ಲ. ಕೊಲ್ಲುವುದು ಒಂದಕ್ಕೊಂದು ಅಂಟಿಕೊಂಡು ಒಣಗುವುದು. ಅಂಟಿದ ಫೋಟೊಗಳನ್ನು ಎಳೆದು ಬಿಡಿಸಬೇಡಿ. ಅಗಲವಾದ ಪಾತ್ರೆಯಲ್ಲಿ ಶುದ್ಧ ತಣ್ಣೀರು ತುಂಬಿ ಅದರಲ್ಲಿ ಬಿಡಿ, ತಾವಾಗಿ ಬಿಡಿಸಿಕೊಳ್ಳುತ್ತವೆ. ಕೆಸರು ಹೋಗುವ ತನಕ ನೀರು ಬದಲಿಸಿ. ಬಳಿಕ ಫೋಟೊಗಳನ್ನು ಮುಖ ಮೇಲೆ ಮಾಡಿ ಬಿಳಿ ಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ. ನೆಗೆಟಿವ್ ಪಟ್ಟಿಗಳನ್ನು ತುದಿಗೆ ಬಟ್ಟೆ ಕ್ಲಿಪ್ ಹಾಕಿ ಹಗ್ಗಕ್ಕೆ ನೇತುಹಾಕಿ. ಬಿಸಿಲು, ಹೇರ್ ಡ್ರೈಯರ್, ಬಿಸಿನೀರು ಯಾವುದೂ ಬೇಡ, ಜಿಲೆಟಿನ್ ಕರಗುತ್ತದೆ. ಎರಡು ದಿನಗಳೊಳಗೆ ಈ ಕೆಲಸ ಮುಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಪುರಸೊತ್ತು ಸಿಗದಿದ್ದರೆ ಒದ್ದೆ ಫೋಟೊಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರಿಜ್‌ನ ಫ್ರೀಜರ್‌ನಲ್ಲಿಟ್ಟು, ಆಮೇಲೆ ಬಿಡಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ಕಂಪ್ಯೂಟರಿನ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದ ಚಿತ್ರಗಳನ್ನು ನೀರಿಗೆ ಹಾಕಬೇಡಿ, ಶಾಯಿ ಹರಿದು ಹೋಗುತ್ತದೆ.

ಮೊಬೈಲಿನಲ್ಲೇ ನಕಲು

ನೆಗೆಟಿವ್‌ನಿಂದ ಚಿತ್ರ ತೆಗೆಯಲು ಈಗ ಕತ್ತಲ ಕೋಣೆ ಬೇಕಿಲ್ಲ. ಫಿಲ್ಮ್ ಸ್ಕ್ಯಾನರ್ ಇರುವ ಅಂಗಡಿಯಲ್ಲಿ ಮಾಡಿಸಿದರೆ ಉತ್ತಮ. ಮನೆಯ ಹೆಂಗಸರ ಚಿತ್ರ ಹೊರಗೆ ಕೊಡಲು ಮನಸ್ಸಿಲ್ಲದಿದ್ದರೆ ನೀವೇ ಮಾಡಬಹುದು. ಒಂದು ಮೊಬೈಲಿನ ಪರದೆಯಲ್ಲಿ ಪೂರ್ತಿ ಬಿಳಿ ಬಣ್ಣ ಬರುವಂತೆ ಮಾಡಿ. ಅದರ ಮೇಲೆ ಬೆಳಕು ಹಾಯುವ ತೆಳು ಬಿಳಿ ಪ್ಲಾಸ್ಟಿಕ್ ಹಾಳೆ ಇಟ್ಟು, ಹಾಳೆಯ ಮೇಲೆ ನೆಗೆಟಿವ್ ಇಡಿ. ಕೋಣೆಯ ದೀಪ ಆರಿಸಿ. ಇನ್ನೊಂದು ಮೊಬೈಲನ್ನು ನೇರವಾಗಿ ಮೇಲಿನಿಂದ ಹಿಡಿದು ಹತ್ತಿರದ ಚಿತ್ರ ತೆಗೆಯಿರಿ. ಬಣ್ಣಗಳನ್ನು ತಿರುವುಮುರುವು ಮಾಡುವ ಸೌಲಭ್ಯ ಹಲವು ಉಚಿತ ಆ್ಯಪ್‌ಗಳಲ್ಲಿದೆ. ಕಣ್ಣೆದುರೇ ದಾದಿಯ ಮುಖ ಮೂಡುತ್ತದೆ.

ಹೀಗೆ ತೆಗೆದ ಚಿತ್ರ ಒಂದೇ ಮೊಬೈಲಿನಲ್ಲಿ ಉಳಿದರೆ ಸಾಲದು, ಮೊಬೈಲು ಕಳೆದರೆ ಅದೂ ಹೋಯಿತು. ಎರಡು ಕಡೆ ಪ್ರತಿ ಇಡಿ. ನಕಲು ಆಯಿತೆಂದು ನೆಗೆಟಿವ್ ಎಸೆಯಬೇಡಿ. ಹಾಗೆಯೇ, ಚಿತ್ರದಲ್ಲಿರುವವರನ್ನು ಅಥವಾ ಅವರ ಮಕ್ಕಳನ್ನು ಕೇಳದೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಹೆಸರು ಬರೆಯುವವರು ಯಾರು?

ಮುಖ ಉಳಿದು ಹೆಸರು ಹೋದರೂ ನಷ್ಟವೇ. ಅಮ್ಮಿ, ಖಾಲಾ, ಫೂಫಿಯರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ಕೇಳಿ: ಇದು ಯಾರು, ಯಾವ ಮನೆ, ಯಾವ ವರ್ಷ, ಯಾರ ವಲೀಮಾ? ಪೆನ್ಸಿಲಿನಲ್ಲಿ ಕವರಿನ ಮೇಲೆ ಬರೆಯಿರಿ. ಎಪ್ಪತ್ತು ದಾಟಿದ ಒಬ್ಬ ಹೆಂಗಸಿಗೆ ತಿಳಿದಿರುವ ಮುಖಗಳು ಆಕೆಯ ಜೊತೆಯಲ್ಲೇ ಮಣ್ಣಾದರೆ, ಎಂತಹ ಸ್ಕ್ಯಾನರ್ ಕೂಡ ಅವನ್ನು ಮರಳಿ ಹೇಳಲಾರದು.

ಬೀರುವಿನಲ್ಲಿ ಹಳೆಯ ಕ್ಯಾಮರಾ ಇದ್ದರೆ ಅದನ್ನೂ ಎಸೆಯಬೇಡಿ. ಅಮೆರಿಕದ ಕೋಡಕ್ ಕಂಪೆನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಡಿಜಿಟಲ್ ಕ್ಯಾಮರಾ ರೂಪಿಸಿದರು. ಅದೇ ಡಿಜಿಟಲ್ಲಿನ ಹೊಡೆತಕ್ಕೆ 2012ರಲ್ಲಿ ಆ ಕಂಪೆನಿ ದಿವಾಳಿ ಅರ್ಜಿ ಸಲ್ಲಿಸಿತು. ಆದರೂ ಕೋಡಕ್, ಇಂಗ್ಲೆಂಡಿನ ಇಲ್‌ಫೋರ್ಡ್ ಮೊದಲಾದವು ಇಂದಿಗೂ ಫಿಲ್ಮ್ ತಯಾರಿಸುತ್ತಿವೆ. ಕೊಳ್ಳುವವರಲ್ಲಿ ಯುವಕ ಯುವತಿಯರೇ ಬಹಳ. ರೀಲು ಅಗ್ಗವಲ್ಲ, ತೊಳೆಸುವ ಖರ್ಚು ಬೇರೆ. ಆದರೆ 36ರಲ್ಲಿ ಒಂದನ್ನು ಖರ್ಚು ಮಾಡುವ ಮುನ್ನ ನಿಂತು ಯೋಚಿಸಬೇಕೆಂಬುದೇ ಅವರಿಗೆ ಹಿಡಿಸಿದೆ. ದಿನಕ್ಕೆ ನೂರು ಸೆಲ್ಫಿ ತೆಗೆದು ಒಂದನ್ನೂ ಮತ್ತೆ ನೋಡದ ಮಕ್ಕಳಿಗೆ ಇದೊಂದು ಒಳ್ಳೆಯ ಪಾಠ.

ಗಂಡಸರು ಕ್ಯಾಮರಾ ಹಿಡಿದಿರಬಹುದು. ಆದರೆ ಮನೆಯಲ್ಲಿ ಯಾವ ವಸ್ತು ಎಲ್ಲಿದೆ, ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು ನೀವು. ಮೂರು ತಲೆಮಾರಿನ ಮುಖಗಳನ್ನು ಉಳಿಸಲು ಬೇಕಾದದ್ದು ಒಂದು ಡಬ್ಬ, ಒಂದಿಷ್ಟು ಬಿಳಿ ಕಾಗದ, ಒಂದು ಪೆನ್ಸಿಲು ಮತ್ತು ಒಂದು ರಜಾದಿನ. ಮುಂದಿನ ಮಳೆಗಾಲಕ್ಕೆ ಮೊದಲೇ ಆ ದಿನವನ್ನು ಗೊತ್ತು ಮಾಡಿಕೊಳ್ಳಿ.