ಆವಣಿ

ತಾಯಲೂರನ್ನು ಒಳಗೊಂಡ ಮುಳಬಾಗಿಲು ತಾಲ್ಲೂಕು ಕರ್ನಾಟಕದ ಪೂರ್ವದ ಅಂಚಿನಲ್ಲಿದೆ. ಯಾರೋ ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಬೆಟ್ಟಗಳು ಇಲ್ಲಿ ಹೇರಳ. ಅಂಥ ಒಂದು ಬೆಟ್ಟದ ಅಡಿಯಲ್ಲಿರುವ ಪ್ರಾಚೀನ ಗ್ರಾಮವೇ ಆವಣಿ.

ವಾಲ್ಮೀಕಿ ಮಹರ್ಷಿಯ ಆಶ್ರಮ ಈ ಬೆಟ್ಟದಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲಿಯೇ ಎಂಬುದು ಜನರ ನಂಬಿಕೆ. ಬೆಟ್ಟದ ಮೇಲೆ ಸೀತಾದೇವಿಯ ಗುಡಿಯಿದೆ. ಕೆಳಗೆ ಊರೊಳಗಿನ ಪ್ರಾಕಾರದಲ್ಲಿ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂಬ ದೇವಾಲಯಗಳಿವೆ. ಹೆಸರು ರಾಮಸೋದರರದು; ಒಳಗಿರುವುದು ಮಾತ್ರ ಶಿವಲಿಂಗಗಳು. ಮಕ್ಕಳೊಡನೆ ಕಾದಿದ ದೋಷವನ್ನು ಕಳೆದುಕೊಳ್ಳಲು ಆ ಸೋದರರು ಇವನ್ನು ಸ್ಥಾಪಿಸಿದರೆಂದು ಸ್ಥಳಪುರಾಣ ಹೇಳುತ್ತದೆ.

ಇತಿಹಾಸವು ಹೇಳುವ ಕಥೆ ಬೇರೆ. ಇವು ಹತ್ತನೆಯ ಶತಮಾನದಲ್ಲಿ ನೊಳಂಬರು ಕಟ್ಟಿಸಿದವು; ಮುಂದೆ ಚೋಳರ ಕಾಲದಲ್ಲಿ ಕೆಲವು ಭಾಗಗಳು ಜೀರ್ಣೋದ್ಧಾರಗೊಂಡವು. ಲಕ್ಷ್ಮಣೇಶ್ವರ ಇವುಗಳಲ್ಲಿ ಹೆಚ್ಚು ಅಲಂಕೃತವಾದುದು. ಅದರ ನವರಂಗದಲ್ಲಿ ನಿಂತು ತಲೆಯೆತ್ತಿದರೆ, ಅಷ್ಟದಿಕ್ಪಾಲಕರ ನಡುವೆ ಉಮಾಮಹೇಶ್ವರರು ಕಾಣುತ್ತಾರೆ. ಗಡಸು ಕಲ್ಲು ಇಲ್ಲಿ ಉಳಿಗೆ ಮಣಿದಿರುವ ಬಗೆಯನ್ನು ನೋಡಿಯೇ ತಿಳಿಯಬೇಕು.

ಆದರೆ ಆವಣಿಯ ನಿಜವಾದ ಕೌತುಕ ಒಂದು ಶಾಸನದಲ್ಲಿದೆ. 'ಕಲಿಯುಗ ರುದ್ರ'ನೆಂಬ ಬಿರುದಿನ ತ್ರಿಭುವನಕರ್ತಾರನೆಂಬ ಶೈವಗುರು ಈ ಸ್ಥಾನವನ್ನು ನಲವತ್ತು ವರ್ಷ ಆಳಿ, 961ರಲ್ಲಿ ಶಿವೈಕ್ಯನಾದನು. ಅವನು ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನಂತೆ. ಓದುವವರು ಐವತ್ತೆಂಬ ಸಂಖ್ಯೆಗೆ ಬೆರಗಾಗುತ್ತಾರೆ, ಎರಡೆಂಬುದನ್ನು ಮರೆತುಬಿಡುತ್ತಾರೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಸೀಮೆಯಿದು. ಬಂಡೆಯ ಮೇಲೆ ಬಿದ್ದ ಮಳೆ ಕ್ಷಣದಲ್ಲಿ ಜಾರಿ ಹೋಗುತ್ತದೆ. ಅದನ್ನು ಏರಿ ಹಾಕಿ ತಡೆದರೆ ಕೆರೆ. ತೂಬಿನಿಂದ ಬಿಟ್ಟರೆ ಗದ್ದೆಗೆ ನೀರು. ಕೋಡಿ ಹರಿದರೆ ಕೆಳಗಿನ ಊರಿನ ಕೆರೆಗೆ ಪಾಲು. ಗದ್ದೆ ಬೆಳೆಯದಿದ್ದರೆ ದೇವರಿಗೆ ನೈವೇದ್ಯವೆಲ್ಲಿಯದು, ಶಿಲ್ಪಿಗೆ ಕೂಲಿಯೆಲ್ಲಿಯದು? ಆ ಗುರುವಿಗೆ ಈ ಲೆಕ್ಕ ಚೆನ್ನಾಗಿ ತಿಳಿದಿತ್ತು.

ದೇವಾಲಯಗಳಿಗೆ ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಕೆರೆಗಳಿಗೆ ಅಂಥ ಕಾವಲಿಲ್ಲ. ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಹೂಳು ತುಂಬಿತು. ಜನ ಕೊಳವೆಬಾವಿಗಳನ್ನು ನೆಚ್ಚಿದರು. ಅವೂ ಸಾವಿರ ಅಡಿಗಿಂತ ಆಳಕ್ಕೆ ಇಳಿಯಬೇಕಾಯಿತು.

ಮಹಾಶಿವರಾತ್ರಿಯ ಸಮಯದಲ್ಲಿ ಆವಣಿಯಲ್ಲಿ ರಥೋತ್ಸವ ನಡೆಯುತ್ತದೆ. ದನಗಳ ಜಾತ್ರೆಯೂ ಸೇರುತ್ತದೆ. ಜಾತ್ರೆಗೆ ಬಂದ ರೈತರು ರಾಮೇಶ್ವರನಿಗೆ ಕೈಮುಗಿದು, ಬೆಟ್ಟ ಹತ್ತಿ ಸೀತಮ್ಮನ ದರ್ಶನ ಮಾಡುತ್ತಾರೆ. ಎತ್ತರದಲ್ಲಿ ನಿಂತು ನೋಡಿದರೆ ಗೋಪುರ, ಮನೆಗಳ ಸಾಲು, ಹೊಲಗದ್ದೆಗಳೆಲ್ಲ ಒಂದೇ ನೋಟಕ್ಕೆ ಸಿಗುತ್ತವೆ.