ಉಪವಾಸವೋ, ಊಟದ ಕಾಯಿಲೆಯೋ?

ಈ ವಾರದ ಆರೋಗ್ಯ ಮಾಲಿಕೆಯಲ್ಲಿ ಸ್ವಲ್ಪ ಸೂಕ್ಷ್ಮವಾದ ವಿಷಯ. ಮನೆಯಲ್ಲಿ ಹದಿಹರೆಯದ ಮಕ್ಕಳಿರುವವರು, ಮಕ್ಕಳನ್ನು ಓದಲು ಪುಣೆಗೆ ಕಳಿಸಿ ಹಾಸ್ಟೆಲ್‌ನಲ್ಲಿ ಬಿಟ್ಟಿರುವವರು ದಯವಿಟ್ಟು ಕೊನೆಯವರೆಗೆ ಓದಿ.

ಪುಣೆಯಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳಲ್ಲಿ ಎರಡು ನಾಡಿನ ಉಪವಾಸಗಳು ಸೇರಿಕೊಂಡಿವೆ. ಊರಿಂದ ತಂದ ಏಕಾದಶಿ, ಶನಿವಾರದ ಒಪ್ಪತ್ತು ಒಂದು ಕಡೆ. ಇಲ್ಲಿಗೆ ಬಂದ ಮೇಲೆ ಕಲಿತ ಸಂಕಷ್ಟಿ, ಶ್ರಾವಣ ಸೋಮವಾರ, ಮಾರ್ಗಶಿರದ ಗುರುವಾರ, ನವರಾತ್ರಿಯ ಒಂಬತ್ತು ದಿನ ಇನ್ನೊಂದು ಕಡೆ. ಗೋಡೆಯ ಕಾಲನಿರ್ಣಯ ನೋಡಿ "ಇವತ್ತು ಚಂದ್ರೋದಯ ಎಷ್ಟಕ್ಕೆ?" ಎಂದು ಮೊಮ್ಮಗಳು ಕೇಳಿದರೆ ಅಜ್ಜಿಗೆ ಹಿಗ್ಗು. ಬಹಳಷ್ಟು ಮನೆಗಳಲ್ಲಿ ಅದು ಹಿಗ್ಗುವ ವಿಷಯವೇ. ಮರಾಠಿಯವರು "ಏಕಾದಶಿ, ದುಪ್ಪಟ್ ಖಾಶಿ" ಎಂದು ತಮಾಷೆ ಮಾಡುತ್ತಾರಲ್ಲ, ಸಾಬೂದಾನ ಖಿಚಡಿ, ಶೇಂಗಾ ಉಂಡೆ, ಬಟಾಟೆ ಚಿಪ್ಸ್ ಎಂದು ದಿನಕ್ಕಿಂತ ಎರಡು ಪಟ್ಟು ತಿನ್ನುವ ಆ ಉಪವಾಸದ ಬಗ್ಗೆ ನಾನಿಲ್ಲಿ ಬರೆಯುತ್ತಿಲ್ಲ.

ಇನ್ನೊಂದು ಮನೆಯನ್ನು ಊಹಿಸಿಕೊಳ್ಳಿ. ಹದಿನೇಳು ವರ್ಷದ ಹುಡುಗಿ ಮೊದಲು ಸಂಕಷ್ಟಿ ಹಿಡಿದಳು. ಆಮೇಲೆ ಸೋಮವಾರ, ಆಮೇಲೆ ಗುರುವಾರ, ಶನಿವಾರ. ಖಿಚಡಿ ಮಾಡಿಕೊಟ್ಟರೆ "ಎಣ್ಣೆ ಜಾಸ್ತಿ" ಎಂದು ಸರಿಸುತ್ತಾಳೆ, ಹಾಲು ಬಿಟ್ಟಳು, ಬಾಳೆಹಣ್ಣಿನಲ್ಲಿ ಅರ್ಧ ಸಾಕು ಎಂದಳು. ಚಂದ್ರೋದಯವಾದ ಮೇಲೂ ತಟ್ಟೆಯ ಮುಂದೆ ಕೂರಲು ಏನಾದರೊಂದು ನೆಪ. ಆದರೆ ಮನೆಯವರಿಗೆಲ್ಲ ಮೋದಕ ಮಾಡಿ ಬಡಿಸುವವಳು ಅವಳೇ. ಊರಿಂದ ಬಂದ ಅತ್ತೆ "ಈಗ ಛಂದ ಕಾಣಸ್ತಿ ನೋಡವಾ, ಹಿಂಗ ಇರು" ಎನ್ನುತ್ತಾರೆ. ಐದು ತಿಂಗಳಲ್ಲಿ ಹತ್ತು ಕೆಜಿ ಇಳಿದಿದೆ, ಮುಟ್ಟು ನಿಂತಿದೆ, ಮೇ ತಿಂಗಳಲ್ಲೂ ಚಳಿ ಎಂದು ಸ್ವೆಟರ್ ಹಾಕುತ್ತಾಳೆ.

ಇದು ಭಕ್ತಿಯಲ್ಲ, ಕಾಯಿಲೆ. ಹೆಸರು ಅನೊರೆಕ್ಸಿಯಾ ನರ್ವೋಸಾ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುವವುಗಳಲ್ಲಿ ಇದೂ ಒಂದು. ಇದರ ಬಂಧುಗಳು ಇನ್ನೆರಡು. ಒಮ್ಮೆಲೇ ವಿಪರೀತ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವುದು ಬುಲಿಮಿಯಾ, ವಾಂತಿಯಿಲ್ಲದೆ ಬರೀ ತಿಂದು ಪಶ್ಚಾತ್ತಾಪ ಪಡುವುದು ಬಿಂಜ್ ಈಟಿಂಗ್. ಈ ಎರಡರಲ್ಲಿ ತೂಕ ನೋಡಿ ಕಾಯಿಲೆ ಗೊತ್ತಾಗುವುದಿಲ್ಲ. ಹುಡುಗರಿಗೂ ಬರುತ್ತದೆ. ಅವರಲ್ಲಿ ಅದು ಜಿಮ್, ಪ್ರೋಟೀನ್ ಪುಡಿ, "ಕಾರ್ಬ್ಸ್ ಬೇಡ" ಎಂಬ ವೇಷ ಹಾಕಿಕೊಂಡಿರುವುದರಿಂದ ಯಾರೂ ಅನುಮಾನಪಡುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ವ್ರತದ ನಂಬಿಕೆಯಿಂದಲೇ ಈ ಕಾಯಿಲೆ ಹುಟ್ಟುತ್ತದೆ ಎಂದು ನಾನು ಹೇಳುತ್ತಿಲ್ಲ. ಹುಟ್ಟುಗುಣ, ವಂಶವಾಹಿ, ವಯಸ್ಸು, ಡಯಟ್, ಓದಿನ ಒತ್ತಡ, ಯಾರೋ ಆಡಿದ ಚುಚ್ಚುಮಾತು ಎಲ್ಲ ಸೇರಿ ಬರುವ ಕಾಯಿಲೆ ಇದು. ಆದರೆ ಆಯಾ ನಾಡಿನವರು ಯಾವುದನ್ನು ದೊಡ್ಡದೆಂದು ನಂಬುತ್ತಾರೋ ಅದರ ಭಾಷೆಯನ್ನು ಅದು ಕಲಿತುಬಿಡುತ್ತದೆ. ಇಟಲಿಯ ಸಂತ ಕ್ಯಾಥರೀನ್ ದೇವರಿಗಾಗಿ ಊಟ ಬಿಡುತ್ತಾ ಬಿಡುತ್ತಾ 1380ರಲ್ಲಿ 33ನೇ ವಯಸ್ಸಿಗೆ ತೀರಿಕೊಂಡರು. ಅದು ಇದೇ ಕಾಯಿಲೆಯೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಫಿಜಿ ದ್ವೀಪದಲ್ಲಿ ದಷ್ಟಪುಷ್ಟವಾಗಿರುವುದೇ ಚೆಂದ ಎಂಬ ನಂಬಿಕೆಯಿತ್ತು. 1995ರಲ್ಲಿ ಅಲ್ಲಿನ ನಡ್ರೋಗಾ ಪ್ರಾಂತ್ಯಕ್ಕೆ ಟಿವಿ ಬಂತು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಎಂದ ಶಾಲಾ ಹುಡುಗಿಯರು ಆಗ ಒಬ್ಬರೂ ಇರಲಿಲ್ಲ, 1998ರಲ್ಲಿ ನೂರಕ್ಕೆ 11 ಮಂದಿ ಹಾಗೆ ಹೇಳಿದರು.

ನಮಗೆ ಹೆಚ್ಚು ಉಪಯೋಗದ ಸಂಗತಿ ಹಾಂಗ್‌ಕಾಂಗ್‌ನದ್ದು. 1990ರ ದಶಕದಲ್ಲಿ ಅಲ್ಲಿನ ಮನೋವೈದ್ಯ ಸಿಂಗ್ ಲೀ ಅವರು ಗಮನಿಸಿದ್ದೇನೆಂದರೆ, ಎಷ್ಟೋ ರೋಗಿಗಳು "ನಾನು ದಪ್ಪ" ಎನ್ನುತ್ತಲೇ ಇರಲಿಲ್ಲ. "ಹೊಟ್ಟೆ ಉಬ್ಬರ, ಹಸಿವಿಲ್ಲ" ಎನ್ನುತ್ತಿದ್ದರು. ನಮ್ಮ ಮನೆಗಳಲ್ಲೂ ಹೀಗೆಯೇ. "ಊಟ ಸೇರಲ್ಲ ಅಮ್ಮಾ", "ಗ್ಯಾಸ್ ಆಗಿದೆ", "ಇವತ್ತು ಉಪವಾಸ". ಹಾಗಾಗಿ ಹೊಟ್ಟೆಯ ಡಾಕ್ಟರು, ಎಂಡೋಸ್ಕೋಪಿ, ದೃಷ್ಟಿ ತೆಗೆಸುವುದು ಎಂದು ಸುತ್ತುವುದರಲ್ಲಿ ವರ್ಷ ಹೋಗುತ್ತದೆ. "ಇದೆಲ್ಲ ಫಾರಿನ್‌ನವರ ರೋಗ" ಎಂದು ಸುಮ್ಮನಾಗುವ ಹಾಗೂ ಇಲ್ಲ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಮೂವರಲ್ಲಿ ಇಬ್ಬರು, ಹಿಂದಿನ ಒಂದು ವರ್ಷದಲ್ಲಿ ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದೇವೆ ಎಂದಿದ್ದರು.

*ವ್ರತ ಯಾವುದು, ಕಾಯಿಲೆ ಯಾವುದು ಎಂದು ತಿಳಿಯುವುದು ಹೇಗೆ?*

ವ್ರತಕ್ಕೆ ಕೊನೆಯಿದೆ. ದ್ವಾದಶಿ ಬೆಳಗ್ಗೆ ಪಾರಣೆ ಮಾಡಲೇಬೇಕು, ಅದನ್ನು ಬಿಟ್ಟರೆ ವ್ರತವೇ ಅಪೂರ್ಣ ಎನ್ನುತ್ತಾರೆ. ಕಾಯಿಲೆಗೆ ಪಾರಣೆಯಿಲ್ಲ. ವ್ರತ ಮಾಡಿದವರು ಮರುದಿನ ಹುಳಿ-ಅನ್ನಕ್ಕೆ ಕಾಯುತ್ತಾರೆ, ಕಾಯಿಲೆಯವರು ಮರುದಿನಕ್ಕೆ ಹೆದರುತ್ತಾರೆ. ಉಪವಾಸ ಮುಗಿದ ಕೂಡಲೇ ತೂಕದ ಯಂತ್ರ ಹತ್ತುವುದು, ಊಟವಾದ ತಕ್ಷಣ ಬಾತ್‌ರೂಮಿಗೆ ಹೋಗಿ ನಲ್ಲಿ ಜೋರಾಗಿ ಬಿಡುವುದು, ಮನೆಯವರೊಟ್ಟಿಗೆ ಊಟಕ್ಕೆ ಕೂರದಿರುವುದು, ಮುಟ್ಟು ತಪ್ಪುವುದು, ಕೂದಲು ಉದುರಿ ಮೈಮೇಲೆ ನವಿರಾದ ರೋಮ ಬರುವುದು ಇವೆಲ್ಲ ಗಮನಿಸಬೇಕಾದ ಲಕ್ಷಣಗಳು.

ಈಗ ಮುಖ್ಯ ವಿಷಯಕ್ಕೆ ಬರೋಣ. "ತೆಳ್ಳಗಿದ್ದರೆ ಮಾತ್ರ ನನಗೆ ಬೆಲೆ", "ಹಸಿವನ್ನು ಗೆದ್ದವಳು ಎಲ್ಲವನ್ನೂ ಗೆದ್ದ ಹಾಗೆ", "ತಿಂದದ್ದು ಪಾಪ, ಅದಕ್ಕೆ ಪ್ರಾಯಶ್ಚಿತ್ತ ಆಗಬೇಕು". ರೋಗಿಯ ಮನಸ್ಸಿನ ತಳದಲ್ಲಿ ಇಂಥ ನಂಬಿಕೆಗಳು ಕೂತಿರುತ್ತವೆ. ತಂದೆತಾಯಿ ಮೊದಲು ಮಾಡುವುದು ವಾದ. ವಾದದಿಂದ ಇದು ಅಲುಗಾಡುವುದಿಲ್ಲ, ಏಕೆಂದರೆ ಹಸಿದ ಮಿದುಳೇ ಆ ನಂಬಿಕೆಯನ್ನು ಗಟ್ಟಿ ಮಾಡುತ್ತಿರುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಸ್ವಇಚ್ಛೆಯಿಂದ ಬಂದ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ತೂಕ ಕಾಲುಭಾಗದಷ್ಟು ಇಳಿಯಿತು. ಅವರಿಗೆ ಮೊದಲು ಯಾವ ಮಾನಸಿಕ ತೊಂದರೆಯೂ ಇರಲಿಲ್ಲ. ಆದರೂ ದಿನವಿಡೀ ಊಟದ್ದೇ ಯೋಚನೆ, ಅಡುಗೆ ಪುಸ್ತಕ ಓದುವುದು, ಒಂದು ತಟ್ಟೆಯನ್ನು ಗಂಟೆಗಟ್ಟಲೆ ಎಳೆದಾಡುವುದು, ಸಿಡುಕು, ಗೆಳೆಯರಿಂದ ದೂರವಾಗುವುದು ಶುರುವಾಯಿತು. ಹಾಗಾದರೆ ನಮ್ಮ ಹುಡುಗಿಯ "ಹಠ"ದಲ್ಲಿ ಎಷ್ಟು ಪಾಲು ಅವಳದು, ಎಷ್ಟು ಪಾಲು ಹಸಿವಿನದು?

ಅದಕ್ಕೇ ಚಿಕಿತ್ಸೆಯಲ್ಲಿ ಊಟ ಮೊದಲು, ನಂಬಿಕೆಯ ಮಾತು ಆಮೇಲೆ. 1980ರ ದಶಕದಲ್ಲಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ರೂಪುಗೊಂಡ ಪದ್ಧತಿಯಲ್ಲಿ, ಮಕ್ಕಳ ಊಟದ ಜವಾಬ್ದಾರಿಯನ್ನು ಕೆಲವು ಕಾಲ ಪೂರ್ತಿ ತಂದೆತಾಯಿಯೇ ಹೊರುತ್ತಾರೆ. ಬೈಯುವುದಿಲ್ಲ, ಕಾಯಿಲೆ ಬೇರೆ ಮಗಳು ಬೇರೆ ಎಂದು ನೋಡುತ್ತಾರೆ. "ನನ್ನ ಸಲುವಾಗಿ ಒಂದು ತುತ್ತು" ಎಂದು ಅಳುವುದಕ್ಕಿಂತ, "ಇದು ನಿನ್ನ ಔಷಧಿ, ಮುಗಿಯುವ ತನಕ ನಾನು ಇಲ್ಲೇ ಕೂತಿರ್ತೀನಿ" ಎನ್ನುವುದು ಕೆಲಸಕ್ಕೆ ಬರುತ್ತದೆ. ಕೂಡುಕುಟುಂಬದ ಅಭ್ಯಾಸವಿರುವ ನಮಗೆ ಇದು ಇತರರಿಗಿಂತ ಸುಲಭವಾಗಬೇಕು ಎಂದು ನನಗನ್ನಿಸುತ್ತದೆ, ಅಜ್ಜಿ ಮತ್ತು ಅಮ್ಮ ಒಂದೇ ಮಾತಾಡಿದರೆ.

ದೊಡ್ಡವರಿಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಿದೆ. ಅಲ್ಲಿ ಮೂರು ಊಟ, ಎರಡು-ಮೂರು ಲಘು ತಿಂಡಿ, ನಡುವೆ ನಾಲ್ಕು ತಾಸಿಗಿಂತ ಹೆಚ್ಚು ಅಂತರವಿಲ್ಲ ಎಂಬ ಕ್ರಮ ಹಾಕುತ್ತಾರೆ. ನಂಬಿಕೆಯನ್ನು ಪರೀಕ್ಷೆಗೆ ಹಚ್ಚುತ್ತಾರೆ. "ಮಧ್ಯಾಹ್ನ ಎರಡು ಚಪಾತಿ ತಿಂದರೆ ವಾರದಲ್ಲಿ ಮೂರು ಕೆಜಿ ಏರುತ್ತೆ" ಎಂದರೆ, ಸರಿ, ಬರೆದಿಡಿ. ತಿನ್ನಿ. ವಾರಕ್ಕೆ ಒಮ್ಮೆ ಮಾತ್ರ ತೂಕ ನೋಡೋಣ. ಹೀಗೆ ಹತ್ತಾರು ಸಲ ಆದ ಮೇಲೆ ಭಯ ಮೆಲ್ಲಗೆ ಸಡಿಲವಾಗುತ್ತದೆ. ತೂಕ ಸರಿಯಾದ ಕೂಡಲೇ ಚಿಕಿತ್ಸೆ ನಿಲ್ಲಿಸಬೇಡಿ. ಮೈ ಮೊದಲು ಚೇತರಿಸಿಕೊಳ್ಳುತ್ತದೆ, ಮನಸ್ಸು ತಿಂಗಳುಗಟ್ಟಲೆ ಹಿಂದೆ ಇರುತ್ತದೆ.

ದೇವರ ಮೇಲಿನ ನಂಬಿಕೆಯನ್ನು ಕಸಿಯುವ ಅಗತ್ಯ ಎಲ್ಲೂ ಇಲ್ಲ, ಅದರಿಂದ ಸಹಾಯವೇ ಪಡೆಯಬಹುದು. ವ್ರತಭಂಗ ಮಾಡದ ಎಂಟು ವಸ್ತುಗಳನ್ನು ನಮ್ಮ ಶಾಸ್ತ್ರಗಳು ಎಣಿಸುತ್ತವೆ. ನೀರು, ಗೆಡ್ಡೆ, ಹಣ್ಣು, ಹಾಲಿನ ಜೊತೆಗೆ ಗುರುವಿನ ಮಾತು ಮತ್ತು ಔಷಧ ಕೂಡ ಅದರಲ್ಲಿವೆ. ಕುರಾನ್ ಸಹ ರೋಗಿಗೆ ರಂಜಾನ್ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ನಿಮ್ಮ ಮನೆಯ ಪುರೋಹಿತರು, ಮಠದ ಸ್ವಾಮಿಗಳು, ಹಿರಿಯರು ಯಾರ ಮಾತಿಗೆ ಮಗಳು ತೂಕ ಕೊಡುತ್ತಾಳೋ ಅವರಿಂದಲೇ "ವೈದ್ಯರು ಹೇಳುವ ತನಕ ನಿನಗೆ ಊಟದ ವ್ರತ ಬೇಡಮ್ಮ" ಎಂದು ಹೇಳಿಸಿ. ಬದಲಿಗೆ ಜಪ, ಮೌನ, ಒಂದು ದಿನ ಮೊಬೈಲ್ ಬಿಡುವುದು, ಇವೂ ವ್ರತಗಳೇ. ಮತ್ತೆ ಮನೆಗೆ ಬಂದವರು "ದಪ್ಪ ಆದೆ", "ತೆಳ್ಳಗಾದೆ" ಎನ್ನುವ ಮಾತು ಬಾಗಿಲಲ್ಲೇ ನಿಲ್ಲಲಿ, ಹೊಗಳಿಕೆಯಾದರೂ ಸರಿ.

*ಎಚ್ಚರಿಕೆ:* ಬಹಳ ಸೊರಗಿದವರಿಗೆ ಮನೆಯಲ್ಲೇ ಒಮ್ಮೆಲೇ ಹೊಟ್ಟೆ ತುಂಬ ಉಣ್ಣಿಸಬೇಡಿ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಕ್ಕೆ ಅಪಾಯವಾಗಬಹುದು, ವೈದ್ಯರ ನಿಗಾ ಬೇಕು. ತಲೆಸುತ್ತಿ ಬಿದ್ದರೆ, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಎದೆನೋವು, ರಕ್ತವಾಂತಿ, ಸಾಯುವ ಮಾತು ಬಂದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪುಣೆಯಲ್ಲಿರುವವರು ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ತೂಕ, ಬಿಪಿ, ಇಸಿಜಿ, ರಕ್ತಪರೀಕ್ಷೆ ಮಾಡಿಸಿ, ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಿ. ಸಸೂನ್ ಸರ್ಕಾರಿ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗವಿದೆ. ಡಾಕ್ಟರ ಮುಂದೆ "ಹೊಟ್ಟೆ ಸರಿಯಿಲ್ಲ" ಎಂದಷ್ಟೇ ಹೇಳಬೇಡಿ, ಎಷ್ಟು ತಿಂಗಳಲ್ಲಿ ಎಷ್ಟು ಕೆಜಿ ಇಳಿಯಿತು, ಮುಟ್ಟು ಯಾವಾಗ ನಿಂತಿತು ಎಂದು ಬರೆದುಕೊಂಡು ಹೋಗಿ. ಯಾರಿಗೆ ಹೇಳುವುದೆಂದೇ ತಿಳಿಯದಿದ್ದರೆ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.