ಕೇಡಗಾಂವ್‌ನಲ್ಲಿ ಒಂದು ಮೀಸಲು ಬದುಕು

ಮುಂಬೈಯಿಂದಲೋ ಪುಣೆಯಿಂದಲೋ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ ಹೊರಡುವ ನಮ್ಮಲ್ಲಿ ಎಷ್ಟು ಮಂದಿ ಕೇಡಗಾಂವ್ ಎಂಬ ಬೋರ್ಡನ್ನು ಓದಿದ್ದೇವೆ? ಪುಣೆ ಬಿಟ್ಟು, ದೌಂಡ್ ಇನ್ನೂ ಬರುವ ಮುನ್ನ, ಕಬ್ಬಿನ ಹೊಲಗಳ ನಡುವೆ ಸಿಗುವ ಸಣ್ಣ ಸ್ಟೇಷನ್ ಅದು. ಚಹಾ ಲೋಟ ಕೆಳಗಿಡುವಷ್ಟರಲ್ಲಿ ದಾಟಿ ಹೋಗುತ್ತದೆ. ಪಂಡಿತಾ ರಮಾಬಾಯಿ ತಮ್ಮ ಬದುಕಿನ ಕೊನೆಯ ಇಪ್ಪತ್ತೈದು ವರ್ಷಗಳನ್ನು ಕಳೆದದ್ದು ಇಲ್ಲಿ. ಅವರು ಕಟ್ಟಿದ ಮುಕ್ತಿ ಮಿಷನ್ ಇಂದಿಗೂ ಅಲ್ಲೇ ಇದೆ.

ಮಹಾರಾಷ್ಟ್ರದವರು ಅವರನ್ನು ತಮ್ಮವರೆನ್ನುತ್ತಾರೆ, ಅದು ತಪ್ಪೂ ಅಲ್ಲ. ಆದರೆ 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಆ ಕಾಡಿನಲ್ಲಿ ತಂದೆ ಅನಂತಶಾಸ್ತ್ರಿ ಡೋಂಗ್ರೆ ಆಶ್ರಮ ಕಟ್ಟಿಕೊಂಡಿದ್ದರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಉಡುಪಿಯ ವಿದ್ವಾಂಸರ ಮುಂದೆ ನಿಂತು ಉತ್ತರ ಕೊಡಬೇಕಾಗಿ ಬಂದವರು ಅವರು. ಎಲ್ಲರಿಂದ ಬೇರೆಯಾಗಿ ನಿಲ್ಲುವ ಪಾಠ ಮಗಳಿಗೆ ಸಿಕ್ಕಿದ್ದು ಕ್ರೈಸ್ತ ಧರ್ಮದಿಂದ ಅಲ್ಲ, ಮೊದಲು ಈ ಶಾಸ್ತ್ರಿಗಳಿಂದಲೇ ಎಂದು ನನಗೆ ಅನಿಸುತ್ತದೆ.

ಮುಂದಿನದು ಬಹಳ ಜನ ಬಲ್ಲ ಕಥೆ. ಪುರಾಣ ಹೇಳಿಕೊಂಡು ದೇಶವಿಡೀ ತೀರ್ಥಯಾತ್ರೆ, ಎಪ್ಪತ್ತರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡದ್ದು, ಅಣ್ಣನ ಜೊತೆ 1878ರಲ್ಲಿ ಕಲ್ಕತ್ತಾ ಸೇರಿ, ಅಲ್ಲಿನ ಪಂಡಿತರಿಂದ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಪಡೆದದ್ದು, ಅಣ್ಣನ ಸಾವು, ಜಾತಿ ಮೀರಿ ಬಂಗಾಳಿ ವಕೀಲರೊಬ್ಬರನ್ನು ಮದುವೆಯಾದದ್ದು, ಎರಡೇ ವರ್ಷದೊಳಗೆ ಕಾಲರಾಕ್ಕೆ ಆ ಗಂಡನೂ ಬಲಿಯಾದದ್ದು. 1882ರಲ್ಲಿ ಎಳೆಯ ಮಗಳು ಮನೋರಮಾಳನ್ನು ಎತ್ತಿಕೊಂಡು ಪುಣೆಗೆ ಬಂದಾಗ ಅವರಿಗೆ ಇಪ್ಪತ್ನಾಲ್ಕು ವರ್ಷ.

ಮರುವರ್ಷ ವೈದ್ಯಕೀಯ ಓದುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದ್ದರಿಂದ ಆ ದಾರಿ ಮುಚ್ಚಿತು. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿದ್ದಾಗ, 1883ರ ಸೆಪ್ಟೆಂಬರ್ 29ರಂದು ಮಗಳ ಸಮೇತ ದೀಕ್ಷಾಸ್ನಾನ ಪಡೆದರು. ಪುಣೆಯ ಸುಧಾರಕರಿಗೆ ಇದು ದೊಡ್ಡ ಏಟು. ಸಂಸ್ಕೃತ ಪಾಂಡಿತ್ಯಕ್ಕೆ ತಮ್ಮ ಸಾಕ್ಷಿಯೆಂದು ತೋರಿಸುತ್ತಿದ್ದ ಹೆಣ್ಣುಮಗಳೇ ಎದ್ದು ಹೊರಟಂತಾಗಿತ್ತು.

ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ನಂತರದ ಸಂಗತಿ. ಒಂದು ಸಮಾಜ ಬಿಟ್ಟವರು ಸಾಮಾನ್ಯವಾಗಿ ಇನ್ನೊಂದರಲ್ಲಿ ಪೂರ್ತಿ ಕರಗಿ ಹೋಗುತ್ತಾರೆ. ರಮಾಬಾಯಿ ಕರಗಲಿಲ್ಲ. ಇಂಗ್ಲೆಂಡಿನಲ್ಲೂ ಸಸ್ಯಾಹಾರ ಬಿಡಲಿಲ್ಲ. ಮೊಟ್ಟೆ ಹಾಕಿದ ಪುಡ್ಡಿಂಗನ್ನೂ ಮುಟ್ಟುತ್ತಿರಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇ ಏಕೆ, ಸಂಸ್ಕೃತ ಏಕಾಗಬಾರದು ಎಂದು ಕೇಳಿದರು. ಚೆಲ್ಟೆನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿದ್ದಾಗ ಅವರು ಗಂಡಸರಿಗೆ ಪಾಠ ಹೇಳಕೂಡದೆಂದು ಬಿಷಪ್‌ಗಳು ತಕರಾರೆತ್ತಿದರು. ಊರಿನ ಪುರೋಹಿತರ ನೊಗ ಇಳಿಸಿ ಬಂದದ್ದು ಇನ್ನೊಬ್ಬರ ನೊಗ ಹೊರಲು ಅಲ್ಲ ಎಂಬ ಧಾಟಿಯಲ್ಲೇ ಅವರು ಪತ್ರ ಬರೆದರು. ಅವರಿಗೆ ನೆರಳು ಕೊಟ್ಟಿದ್ದ ಸನ್ಯಾಸಿನಿಯರಿಗೂ ಇದು ನುಂಗಲಾರದ ತುತ್ತಾಯಿತು. ಚರ್ಚಿಗೆ ಸೇರಿಯೂ ಚರ್ಚಿನ ಒಂದು ಪಂಗಡದ ಆಸ್ತಿಯಾಗಲು ಅವರು ಕೊನೆಯವರೆಗೂ ಒಪ್ಪಲಿಲ್ಲ. ಬಿಳಿ ಸೀರೆಯನ್ನೂ ಬಿಡಲಿಲ್ಲ.

ಬೈಬಲ್ಲಿನಲ್ಲಿ ದೇವರಿಗೆ ಮೀಸಲಾದ ಬದುಕು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದನ್ನು ಹಲವರು ಉಡುಪು, ಊಟ, ಹೆಸರು ಬದಲಿಸುವುದೆಂದು ತಿಳಿದರು. ರಮಾಬಾಯಿ ತಿಳಿದದ್ದು ಬೇರೆ ರೀತಿ. ಅವರ ಮೀಸಲು ಯಾರ ಜೊತೆ ನಿಲ್ಲುತ್ತೇನೆ ಎಂಬುದರಲ್ಲಿತ್ತು.

ಅದಕ್ಕೆ ಬೆಲೆ ತೆರಬೇಕಾಯಿತು. ಅಮೆರಿಕದಲ್ಲಿ ಹಣ ಕೂಡಿಸಿ 1889ರಲ್ಲಿ ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಧರ್ಮ ಬೋಧಿಸುವುದಿಲ್ಲ, ಅವರವರ ಆಚಾರ ಅವರವರಿಗೆ ಎಂಬುದು ಒಪ್ಪಂದ. ರಾನಡೆ, ಭಂಡಾರಕರ್ ಸಲಹಾ ಮಂಡಳಿಯಲ್ಲಿದ್ದರು. ಮೊದಮೊದಲು ಸೇರಿದ ವಿಧವೆಯರಲ್ಲಿ ಒಬ್ಬರಾದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರ ಕೈಹಿಡಿದರು. (ಪುಣೆಯ ಕರ್ವೆ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಇದನ್ನು ನೆನೆಸಿಕೊಳ್ಳಬಹುದು.) ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಅದೇ 1893ರಲ್ಲಿ ಊರೆಲ್ಲ ಗುಲ್ಲಾಯಿತು. ತಿಲಕರ ‘ಕೇಸರಿ’ ಕಟುವಾಗಿ ಬರೆಯಿತು, ಸಲಹಾ ಮಂಡಳಿ ರಾಜೀನಾಮೆ ಕೊಟ್ಟಿತು, ಪೋಷಕರು ಮಕ್ಕಳನ್ನು ಕರೆದೊಯ್ದರು.

ಪೋಷಕರ ಸಿಟ್ಟನ್ನು ಬರೀ ಸಂಕುಚಿತತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮಾತಿನ ಮೇಲೆ ನಂಬಿಕೆಯಿಟ್ಟು ಮಕ್ಕಳನ್ನು ಬಿಟ್ಟವರು ಅವರು. ತೆರೆದ ಬಾಗಿಲು ಬೋಧನೆಯೋ ಅಲ್ಲವೋ ಎಂಬುದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಹೀಗೆ ಮನೆಗೆ ಮರಳಿದ ಬಾಲವಿಧವೆಯರಿಗೆ ಅಲ್ಲಿ ಏನು ಕಾದಿತ್ತು ಎಂದು ಕೇಳಿದವರೂ ಕಡಿಮೆಯೇ.

1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವು ಏನೆಂದು ರಮಾಬಾಯಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನು ಕರೆತಂದು ಕೇಡಗಾಂವ್‌ನ ಬಯಲಿನಲ್ಲಿ ನೆಲೆ ಮಾಡಿದರು. 1900ರ ಗುಜರಾತ್ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸನಿಹಕ್ಕೆ ಬಂತು. ಇಲ್ಲಿ ಜಾತಿಗೊಂದು ಅಡುಗೆಮನೆ ಇರಲಿಲ್ಲ. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಬಾವಿ ತೋಡಿಸಿದರು, ಹೊಲ ಮಾಡಿದರು, ಮಗ್ಗ, ಎಣ್ಣೆ ಗಾಣ, ಅಚ್ಚುಕೂಟ ಹಾಕಿದರು. ದೃಷ್ಟಿಯಿಲ್ಲದವರಿಗೆ ಬ್ರೈಲ್ ಬಂತು. ಬೀದಿಗೆ ಬಿದ್ದ ಹೆಂಗಸರಿಗಾಗಿ ಕೃಪಾ ಸದನ ಎಂಬ ಬೇರೆ ಮನೆಯೇ ಇತ್ತು.

ನಮ್ಮ ಕಲಬುರಗಿಗೂ ಈ ಕಥೆಯ ಎಳೆ ಇದೆ. ಆಗಿನ ನಿಜಾಮರ ಗುಲ್ಬರ್ಗದಲ್ಲಿ 1910ರ ದಶಕದಲ್ಲಿ ತಾಯಿ ಒಂದು ಶಾಲೆ ತೆರೆದರು, ಮನೋರಮಾ ಅದನ್ನು ನಡೆಸಿದರು. ಕೇಡಗಾಂವ್ ದಾಟಿ ಸೊಲ್ಲಾಪುರ ಮುಗಿಸಿ ನಮ್ಮ ರೈಲು ನಿಲ್ಲುವ ಅದೇ ಊರು. ಮನೋರಮಾ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಮರುವರ್ಷ ಏಪ್ರಿಲ್ 5ರಂದು ರಮಾಬಾಯಿ.

ಕೊನೆಯ ವರ್ಷಗಳಲ್ಲಿ ಅವರು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತರುತ್ತಿದ್ದರು. ‘ಸರಸ್ವತಿ’ ಬಿರುದಿನ ಪಂಡಿತೆ ಅದರಲ್ಲಿ ಸಂಸ್ಕೃತದ ಭಾರದ ಪದಗಳನ್ನು ಹುಡುಕಿ ಹುಡುಕಿ ತೆಗೆದರು, ಹಳ್ಳಿಯ ಹೆಂಗಸಿಗೆ ಓದಲು ಬರಲಿ ಎಂದು. ಅಚ್ಚುಮೊಳೆ ಜೋಡಿಸಿದವರು, ಮುದ್ರಿಸಿದವರು ಮುಕ್ತಿಯ ಹೆಂಗಸರೇ. ಪೂರ್ಣ ಪುಸ್ತಕ ಹೊರಬಂದದ್ದು ಅವರು ಹೋದ ಮೇಲೆ.